ಖಾಲಿ ಕೈಯ ಕಾವಲು

ಎಡಗಾಲಿನ ಬೂಟು ಏರಿದೆ. ಬಲಗಾಲಿನದು ಮಂಡಿಯ ಕೆಳಗೇ ನಿಂತುಬಿಟ್ಟಿದೆ. ಹಿರಿಯಾಕೆ ಪ್ಯೋ ಬೋಕ್‌ಸಿಲ್ ಅದನ್ನು ಮತ್ತೆ ಕಳಚಿ, ತರಕಾರಿ ತಂದ ಪ್ಲಾಸ್ಟಿಕ್ ಚೀಲವೊಂದನ್ನು ಪಾದಕ್ಕೆ ಸುತ್ತಿಕೊಂಡು ಎಳೆಯುತ್ತಾರೆ. ಈ ಸಲ ಬೂಟು ಜಾರಿಕೊಂಡು ತೊಡೆಯವರೆಗೂ ಬರುತ್ತದೆ. ಅಂಗಳದಾಚೆ ಟ್ರ್ಯಾಕ್ಟರು ಗುರುಗುಟ್ಟುತ್ತಿದೆ. ಇನ್ನೂ ಬೆಳಕು ಹರಿದಿಲ್ಲ. ಟ್ರೇಲರಿನಲ್ಲಿ ಕೂತ ಹೆಂಗಸರು ತಲೆಗೆ ಬಿಗಿದ ಟವೆಲಿನೊಳಗಿಂದಲೇ ಅವಸರಪಡಿಸುತ್ತಾರೆ.

"ಸಮುದ್ರ ಇನ್ನೂ ಇಳೀತಾ ಇದೆ. ನೀವು ಬಾಯಿ ಮುಚ್ಕೊಂಡು ಕೂತಿರಿ," ಎನ್ನುತ್ತ ಬೋಕ್‌ಸಿಲ್ ಗೋಡೆಯ ಮೊಳೆಯಿಂದ ಜಾಗಟೆಯನ್ನು ಇಳಿಸಿ ಕೊರಳಿಗೆ ಹಾಕಿಕೊಳ್ಳುತ್ತಾರೆ.

ಕೊರಿಯಾದ ಪಡುವಣ ಕರೆಯ ಸೊಲ್ಗೊಟ್ ಊರಿನವರು ಗೋಡೆಯ ಗಡಿಯಾರಕ್ಕಿಂತ ನೀರಿನ ಮಾತನ್ನು ಹೆಚ್ಚು ಕೇಳುತ್ತಾರೆ. ನೀರು ಹಿಂದೆ ಸರಿದಾಗ ಕಣ್ಣು ಹಾಯುವಷ್ಟು ದೂರ ಕೆಸರುಬಯಲು ತೆರೆದುಕೊಳ್ಳುತ್ತದೆ. ಹೆಂಗಸರು ಅಲ್ಲಿ ಬಗ್ಗಿ ಮರುವಾಯಿ ಚಿಪ್ಪು ಅಗೆಯುತ್ತಾರೆ. ನೀರು ತಿರುಗುವ ಹೊತ್ತಿಗೆ ದಡಕ್ಕೆ ಬರಬೇಕು. ನಿನ್ನೆ ಬಂದ ಹೊತ್ತಿಗೆ ಇವತ್ತು ನೀರು ಬರುವುದಿಲ್ಲ. ಊಟ, ನಿದ್ದೆ, ಮದುವೆಯ ಮುಹೂರ್ತ ಎಲ್ಲವೂ ಅದರ ಹಿಂದೆ ಹಿಂದೆ ಜರುಗುತ್ತ ಹೋಗುತ್ತವೆ.

ಬಯಲಿನ ನಡುವೆ ಒಂದು ಮೊಂಡು ಬಂಡೆಯಿದೆ. ಟ್ರ್ಯಾಕ್ಟರು ಅಲ್ಲಿ ನಿಂತಾಗ ಎಲ್ಲರೂ ಬುಟ್ಟಿ, ಕೈಗುದ್ದಲಿ ಹಿಡಿದು ಚದುರುತ್ತಾರೆ. ಬೋಕ್‌ಸಿಲ್ ಬಂಡೆ ಹತ್ತಿ ನಿಲ್ಲುತ್ತಾರೆ. ಅಲ್ಲಿಗೆ ಅವರ ಕೆಲಸ ಶುರುವಾಯಿತು. ಕೆಲಸವೆಂದರೆ, ಏನೂ ಮಾಡದಿರುವುದು.

ನೀರು ಎದುರಿನಿಂದ ಬಂದರೆ ಯಾರಿಗಾದರೂ ಕಾಣುತ್ತದೆ. ಇಲ್ಲಿ ಅದು ಬೆನ್ನ ಹಿಂದಿನ ಕೊರಕಲುಗಳಲ್ಲಿ ಮೊದಲು ಸದ್ದಿಲ್ಲದೆ ತುಂಬಿಕೊಳ್ಳುತ್ತದೆ. ಅಗೆಯುವವರು ತಲೆ ಎತ್ತುವಷ್ಟರಲ್ಲಿ ದಡದ ದಾರಿ ಹೊಳೆಯಾಗಿರುತ್ತದೆ. ಆ ಕೊರಕಲಿನಲ್ಲಿ ಮೊದಲ ಹೊಳಪು ಕಂಡ ಕೂಡಲೇ ಜಾಗಟೆ ಬಡಿಯಬೇಕು. ಅಲ್ಲಿಯವರೆಗೆ ಕಾವಲಿನವರು ಚಿಪ್ಪು ಅಗೆಯುವಂತಿಲ್ಲ, ಹೆಣೆಯುವಂತಿಲ್ಲ, ಫೋನು ಮುಟ್ಟುವಂತಿಲ್ಲ. ಕೈ ಖಾಲಿ ಇರಬೇಕು.

ಈ ಕಟ್ಟಳೆ ಸುಮ್ಮನೆ ಹುಟ್ಟಿದ್ದಲ್ಲ. ಬೋಕ್‌ಸಿಲ್ ಸೊಸೆಯಾಗಿ ಬಂದ ಕಾಲಕ್ಕೆ ಬಂಡೆಯ ಮೇಲೆ ಒಬ್ಬ ಮುದುಕ ನಿಲ್ಲುತ್ತಿದ್ದ. ಒಳ್ಳೆಯವನು, ಸೋಮಾರಿಯಂತೂ ಅಲ್ಲ. ಒಂದು ವಸಂತದಲ್ಲಿ, ಸುಮ್ಮನೆ ನಿಲ್ಲುವುದೇಕೆಂದು, ಬಂಡೆಗೆ ಅಂಟಿದ್ದ ಸಿಂಪಿಗಳನ್ನು ಚಾಕುವಿನಿಂದ ಬಿಡಿಸುತ್ತ ಕೂತ. ಕೈಗೆ ಕೆಲಸ ಸಿಕ್ಕಿತು, ಹೊತ್ತು ಹೋದದ್ದು ತಿಳಿಯಲಿಲ್ಲ. ಮಂಜೂ ಕವಿಯಿತು. ಅವತ್ತು ಎಲ್ಲರೂ ಎದೆಮಟ್ಟದ ನೀರಿನಲ್ಲಿ ದಡ ಸೇರಿದರು, ಬೋಕ್‌ಸಿಲ್‌ರ ನಾದಿನಿಯೊಬ್ಬಳನ್ನು ಬಿಟ್ಟು. ಮುದುಕ ಆಮೇಲೆ ಬದುಕಿರುವವರೆಗೂ ಸಿಂಪಿ ತಿನ್ನಲಿಲ್ಲ.

ಮುಂದೆ ಯಾರು ನಿಲ್ಲಬೇಕೆಂದು ಸಭೆ ಸೇರಿದಾಗ ಬೋಕ್‌ಸಿಲ್‌ರ ಹೆಸರು ಬಂತು. ಅಗೆಯುವುದರಲ್ಲಿ ಅವರದು ಎಲ್ಲರಿಗಿಂತ ನಿಧಾನದ ಕೈ, ಹೋದರೂ ಊರಿಗೆ ನಷ್ಟವಿಲ್ಲ ಎಂದು ಯಾರೋ ನಕ್ಕರಂತೆ. ಅದನ್ನು ಈಗಲೂ ಅವರೇ ಹೇಳಿ ನಗುತ್ತಾರೆ. ಮೊದಲ ವರ್ಷ ಮಾತ್ರ ನಗು ಬರಲಿಲ್ಲ.

"ಹುಚ್ಚು ಹಿಡಿಯೋದೊಂದು ಬಾಕಿ. ಕಾಲು ಬದಲಾಯಿಸ್ತಿದ್ದೆ, ಆಕಳಿಸ್ತಿದ್ದೆ, ಅತ್ತೆನ ಬೈಕೋತಿದ್ದೆ. ಆಮೇಲೆ ಗೊತ್ತಾಯ್ತು, ಈ ಬೇಜಾರೇ ನನ್ನ ಕೆಲಸ ಅಂತ. ಬಗ್ಗಿದವರಿಗೆ ಹೊತ್ತು ಓಡುತ್ತೆ, ನಿಂತವಳಿಗೆ ತೆವಳುತ್ತೆ. ಆ ತೆವಳೋ ಹೊತ್ತನ್ನ ಎಲ್ಲರ ಪರವಾಗಿ ಒಬ್ಬರು ಇಟ್ಕೊಂಡಿರಬೇಕಲ್ಲ."

ಈ ಅಭ್ಯಾಸ ದಡಕ್ಕೂ ಬಂದಿದೆ. ನೂಡಲ್ಸ್ ಬಟ್ಟಲ ಮುಂದೆ ಕೂತರೆ ಅವರು ಅದನ್ನೇ ನೋಡುತ್ತ ಕೂರುತ್ತಾರೆ, ನೂಡಲ್ಸ್ ಉಬ್ಬಿಹೋಗುತ್ತದೆ, ಹೆಂಗಸರು ಆಡಿಕೊಳ್ಳುತ್ತಾರೆ. ವರ್ಷ ಹೇಗೆ ಕಳೆಯಿತೋ ಗೊತ್ತಾಗಲಿಲ್ಲ ಎಂದು ಹೊಸವರ್ಷದ ದಿನ ಊರೆಲ್ಲ ನಿಟ್ಟುಸಿರು ಬಿಡುವಾಗ, ಬೋಕ್‌ಸಿಲ್ ತಮಗೆ ಮಾತ್ರ ಚೆನ್ನಾಗಿ ಗೊತ್ತಾಯಿತು ಎನ್ನುತ್ತಾರೆ. ಹೋದ ಬೇಸಿಗೆಯ ಒಂದು ಮೋಡದ ಆಕಾರ ಅವರಿಗೆ ನೆನಪಿದೆ. ಗಂಡ ತೀರಿಕೊಂಡ ವರ್ಷವೂ ಇಡಿಯಾಗಿ ನೆನಪಿದೆ. ಅದನ್ನು ಅವರು ಲಾಭದ ಲೆಕ್ಕಕ್ಕೂ ಹಾಕುವುದಿಲ್ಲ, ನಷ್ಟದ ಲೆಕ್ಕಕ್ಕೂ ಹಾಕುವುದಿಲ್ಲ.

ಈಗ ಎಲ್ಲರ ಬಳಿ ಫೋನಿದೆ. ನೀರು ತಿರುಗುವ ಹೊತ್ತಿಗೆ ಅದು ರಬ್ಬರು ಉಡುಪಿನ ಒಳಜೇಬಿನಲ್ಲಿ ಬಡಿದುಕೊಳ್ಳುತ್ತದೆ, ಕೆಸರು ಕೈಯವರು ಇದೊಂದು ಚಿಪ್ಪು ತೆಗೆದುಬಿಡೋಣ ಎನ್ನುತ್ತಾರೆ. ಮೀನುಗಾರರ ಸಂಘದ ಅಧ್ಯಕ್ಷ ಮೆಂಗ್ ಸೈರನ್ ಹಾಕಿಸುವ ಯೋಚನೆಯಲ್ಲಿದ್ದಾರೆ. ಹಾಕಿಸಲಿ ಎಂದೇ ಬೋಕ್‌ಸಿಲ್ ಹೇಳುತ್ತಾರೆ. ಮಂಜಿನಲ್ಲಿ ಅದು ಜಾಗಟೆಗಿಂತ ದೂರ ಕೇಳಿಸುತ್ತದೆ. "ಆದ್ರೆ ಗಾಳಿ ತಳ್ಳಿದ ದಿನ ನೀರು ಬೇಗ ಬರುತ್ತೆ. ಸೈರನ್ ಒತ್ತೋಕೂ ಒಬ್ಬರು ನಿಂತು ನೋಡ್ತಾ ಇರಬೇಕಲ್ಲ?"

ನಿಂತು ನೋಡುವ ಕಣ್ಣೇ ಈಗ ಕೈಕೊಟ್ಟಿದೆ. ಹೋದ ಶರತ್ಕಾಲದಿಂದ ನೋಟದ ನಡುವೆ ಒಂದು ಮಸುಕು ಕೂತಿದೆ. ಅದು ಹೋಗುವಂಥದ್ದಲ್ಲ, ಹೆಚ್ಚಾಗದಂತೆ ನೋಡಿಕೊಳ್ಳಬಹುದಷ್ಟೆ ಎಂದು ಪಟ್ಟಣದ ಡಾಕ್ಟರು ಹೇಳಿದ್ದಾರೆ. ಕಾವಲು ಬಿಡುತ್ತೇನೆಂದು ಬೋಕ್‌ಸಿಲ್ ಸಂಘಕ್ಕೆ ಆಗಲೇ ಒಂದು ಪತ್ರ ಬರೆದರು. ಬರೆದದ್ದು ಅಕ್ಕಿ ಡಬ್ಬಿಯ ಮೇಲೇ ಉಳಿಯಿತು. ಕಳಿಸಿದರೆ ಬಂಡೆ ಖಾಲಿಯಾಗುತ್ತದೆ, ನಿಲ್ಲಲು ಯಾರೂ ಒಪ್ಪುವುದಿಲ್ಲ. ಬೆನ್ನು ಮುರಿಯುವಷ್ಟು ಅಗೆದೇವು, ಸುಮ್ಮನೆ ನಿಲ್ಲುವುದು ನಮ್ಮಿಂದಾಗದು ಎನ್ನುತ್ತಾರೆ. ಕಳಿಸದಿದ್ದರೆ ನಾದಿನಿಯಂತೆ ಇನ್ನೊಬ್ಬಳು ಹೋಗಬಹುದು. ಹೀಗೆ ಚಳಿಗಾಲ ಕಳೆಯಿತು.

ಇವತ್ತು ಬೋಕ್‌ಸಿಲ್ ಬಂಡೆಯ ಮೇಲೆ ಕತ್ತನ್ನು ಓರೆ ಮಾಡಿ, ಕಣ್ಣಂಚಿನಿಂದ ಕೊರಕಲನ್ನು ಹುಡುಕುತ್ತಿದ್ದಾರೆ. ಗಾಳಿ ಸಮುದ್ರದ ಕಡೆಯಿಂದ ಬೀಸುತ್ತಿದೆ. ಅಷ್ಟರಲ್ಲಿ ಕೆಸರಿನಲ್ಲಿ ಯಾರೋ ಬರುವ ಪಚಪಚ ಸದ್ದು. ಯಾಂಗ್ ಗುಮ್‌ಸುನ್. ಊರಿನಲ್ಲೇ ಚುರುಕಿನ ಕೈ, ಜಾಗಟೆಗೆ ಕೊನೆಯವಳಾಗಿ ಏಳುವವಳು, ಬೋಕ್‌ಸಿಲ್‌ರಿಂದ ಅತಿ ಹೆಚ್ಚು ಬೈಗುಳ ತಿಂದವಳು. ಬುಟ್ಟಿ ಅರ್ಧವೂ ತುಂಬಿಲ್ಲ.

"ಬಡಿಯಕ್ಕಾ," ಎನ್ನುತ್ತಾಳೆ. "ನೀರು ಬಂತು."

ಬೋಕ್‌ಸಿಲ್ ಬಡಿಯುತ್ತಾರೆ. ಬಯಲಿನ ತುಂಬ ಬಗ್ಗಿದ ಬೆನ್ನುಗಳು ಒಂದೊಂದಾಗಿ ನೆಟ್ಟಗಾಗುತ್ತವೆ. ಟ್ರೇಲರು ದಡ ಹತ್ತಿ ಎಲ್ಲರನ್ನೂ ಎಣಿಸಿಯಾದ ಮೇಲೆಯೇ ಅವರು ಕೇಳುವುದು.

"ಯಾವಾಗಿಂದ ತಲೆ ಎತ್ತಿ ನೋಡ್ತಿದೀಯೇ?"

"ಶರತ್ಕಾಲದಿಂದ. ನಿನ್ನ ಜಾಗಟೆ ಒಂಚೂರು ತಡ ಆಗ್ತಿತ್ತಲ್ಲ, ಆವಾಗಿಂದ."

ಬುಟ್ಟಿ ಹಗುರಾಯಿತು, ಗುಮ್‌ಸುನ್‌ಗೆ ವಯಸ್ಸಾಯಿತು ಎಂದು ಚಳಿಗಾಲವಿಡೀ ಹೆಂಗಸರು ಅವಳನ್ನು ಗೇಲಿ ಮಾಡಿದ್ದರು. ಗೇಲಿ ಮಾಡಿದವರಲ್ಲಿ ಬೋಕ್‌ಸಿಲ್ ಕೂಡ ಇದ್ದರು. ಅವರು ಜಾಗಟೆ ತೆಗೆದು ಗುಮ್‌ಸುನ್ ಕೊರಳಿಗೆ ಹಾಕುತ್ತಾರೆ.

ಮರುದಿನ ಬಂಡೆಯ ಮೇಲೆ ಇಬ್ಬರು. ಗುಮ್‌ಸುನ್ ಕೈಗವಸು ತೆಗೆಯುತ್ತಾಳೆ, ಹಾಕುತ್ತಾಳೆ, ಕಾಲಬುಡದ ಚಿಪ್ಪಿನತ್ತ ಬಗ್ಗುತ್ತಾಳೆ. ಬೋಕ್‌ಸಿಲ್ ಜಾಗಟೆಯ ಕೋಲಿನಿಂದ ಬೆನ್ನಿಗೆ ಮೆಲ್ಲಗೆ ತಿವಿಯುತ್ತಾರೆ.

"ಬೇಜಾರಕ್ಕಾ."

"ಚೆನ್ನಾಗಿ ಮಾಡ್ತಿದೀಯ ಬಿಡು."

ಅಂದು ಹೊಳಪನ್ನು ಕಂಡದ್ದೂ ಜಾಗಟೆ ಬಡಿದದ್ದೂ ಗುಮ್‌ಸುನ್ ಒಬ್ಬಳೇ. ಬೋಕ್‌ಸಿಲ್ ಬಾಯಿ ಹಾಕಲಿಲ್ಲ.

ಮಧ್ಯಾಹ್ನ ಅಂಚೆಯವನ ಬೈಕು ಬರುತ್ತದೆ. ಬೋಕ್‌ಸಿಲ್ ಅಕ್ಕಿ ಡಬ್ಬಿಯ ಮೇಲಿನ ಪತ್ರ ತಂದು ಕೊಡುತ್ತಾರೆ. ಅವನು ವಿಳಾಸ ನೋಡಿ, ತಲೆ ಎತ್ತಿ, ಬೇಲಿಯಾಚೆ ಕಾಣುವ, ಸಂಘದ ಅಧ್ಯಕ್ಷ ಮೆಂಗ್‌ರ ಮನೆಯ ನೀಲಿ ಮಾಡನ್ನು ನೋಡುತ್ತಾನೆ. ಇದಕ್ಕೆ ಸ್ಟಾಂಪು ಯಾಕೆ ದಂಡ, ಇದು ಪಟ್ಟಣಕ್ಕೆ ಹೋಗಿ ಮತ್ತೆ ಇಲ್ಲಿಗೇ ಬರಬೇಕು ಎನ್ನುತ್ತಾನೆ.

"ಕೈಯಲ್ಲಿ ಕೊಟ್ರೆ ಅವನು ಕಾಫಿ ಕುಡಿಸಿ ಮನಸ್ಸು ತಿರುಗಿಸ್ತಾನಪ್ಪ. ಸುತ್ತಾಡ್ಕೊಂಡೇ ಬರಲಿ, ನನಗೇನು ಅವಸರ?"

ಹಿತ್ತಿಲಿನಲ್ಲಿ ಅವರ ಹಳೆಯ ಕೈಗುದ್ದಲಿ ತುಕ್ಕು ಉಜ್ಜಿಸಿಕೊಂಡು ಬಿಸಿಲಿಗೆ ಒಣಗುತ್ತಿದೆ. ಬರುವ ಹುಣ್ಣಿಮೆಯ ದೊಡ್ಡ ಇಳಿತಕ್ಕೆ ಅದನ್ನು ಹಿಡಿದು ಬಯಲಿಗೆ ಇಳಿಯಬೇಕೆಂಬುದು ಅವರ ಆಸೆ. ಚಿಪ್ಪು ಕೈಗೆ ತಡವಿದರೆ ಸಿಗುತ್ತದೆ, ಅದಕ್ಕೆ ಕಣ್ಣು ಬೇಕಿಲ್ಲ.

"ಒಂದು ಸಲ ಹೊತ್ತು ಹೋದದ್ದೇ ಗೊತ್ತಾಗಬಾರದು ನಂಗೆ," ಎನ್ನುತ್ತಾರೆ. "ಜಾಗಟೆ ಕೇಳಿ ಬೆಚ್ಚಿಬೀಳಬೇಕು. ಅಯ್ಯೋ ಇಷ್ಟು ಬೇಗನಾ ಅಂತ ಗುಮ್‌ಸುನ್‌ನ ಬೈಬೇಕು."

ಅಂಚೆಯವನು ಪತ್ರವನ್ನು ಚೀಲಕ್ಕೆ ಇಳಿಬಿಟ್ಟು, ಮೆಂಗ್‌ರ ಮನೆ ದಾಟಿ, ಪಟ್ಟಣದ ದಾರಿ ಹಿಡಿಯುತ್ತಾನೆ.