ಕೂದಲಿಗಿಂತ ಸಣ್ಣ ತಂತಿ

ಬ್ರಹ್ಮಾಂಡ ಹುಟ್ಟಿದ ಹೊಸತರಲ್ಲಿ ಹೊರಟ ಬೆಳಕು ಇನ್ನೂ ಆಕಾಶದ ತುಂಬ ಹರಡಿಕೊಂಡಿದೆ. ಕಣ್ಣಿಗೆ ಕಾಣುವುದಿಲ್ಲ, ತೀರಾ ಸಣ್ಣ ಕಾವು ಅಷ್ಟೆ. ಅದನ್ನು ಹಿಡಿಯುವ ದೂರದರ್ಶಕಗಳಿಗೆ ಸಂವೇದಕದ ಬಿಲ್ಲೆ ಮಾಡುವುದು ನನ್ನ ಕೆಲಸ. ಬಿಲ್ಲೆಯನ್ನು ವಿಪರೀತ ತಣ್ಣಗೆ ಮಾಡಿದರೆ ಕರೆಂಟು ತಡೆಯೇ ಇಲ್ಲದೆ ಹರಿಯುತ್ತದೆ. ಆ ಕಾವು ಒಂಚೂರು ತಾಗಿದರೂ ಹರಿವು ಕೆಡುತ್ತದೆ, ನಮಗೆ ಗೊತ್ತಾಗುತ್ತದೆ. ಒಂದೇ ಬಿಲ್ಲೆಯಲ್ಲಿ ಇನ್ನಷ್ಟು ಸಂವೇದಕ ಕೂರಿಸುವ ಹೊಸ ವಿನ್ಯಾಸ ನನ್ನದು. ತಂಡದವರು ಮೂಗು ಮುರಿದರು. ಅಷ್ಟು ಒತ್ತೊತ್ತಾಗಿ ತಂತಿ ಬೆಸೆಯಲು ನಮ್ಮ ಯಂತ್ರಕ್ಕಾಗದು. ಕೂದಲಿಗಿಂತ ಸಣ್ಣ ಅಲ್ಯೂಮಿನಿಯಂ ತಂತಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಬಲಗೈಯಿಂದಲೇ ಕೂರಿಸಬೇಕು. ಒಂದು ತಂತಿ ಪಕ್ಕದ್ದಕ್ಕೆ ತಾಗಿದರೆ ಎರಡೂ ಸಂವೇದಕ ಕುರುಡು. ನಾನು ಕೂರಿಸುತ್ತೇನೆ ಎಂದು ಜಂಬದಿಂದಲೇ ಹೇಳಿದ್ದೆ. ಅಂಥ ಕೈ ತಂಡದಲ್ಲಿ ಇನ್ನೊಂದಿರಲಿಲ್ಲ.

ಕೆಲಸ ಶುರುವಾಗುವ ಮುಂಚೆ ನಾಲ್ಕು ದಿನ ಇದ್ದು ಹೋಗೋಣವೆಂದು ನಮ್ಮೂರು ಶಹಾಪುರಕ್ಕೆ ಬಂದೆ. ಬೆಳಿಗ್ಗೆ ಅಪ್ಪನ ಪಕ್ಕ ಲಿಂಗಪೂಜೆಗೆ ಕೂತೆ. ಎಡ ಅಂಗೈ ಮೇಲೆ ಲಿಂಗವಿಟ್ಟು ಅದನ್ನೇ ನೋಡುತ್ತ ಕೂರುವುದು ಚಿಕ್ಕಂದಿನ ರೂಢಿ. ಕರಿ ಲಿಂಗದ ಮೇಲೆ ಬಿದ್ದ ದೀಪದ ಚುಕ್ಕೆ ನಿಂತಲ್ಲಿ ನಿಲ್ಲಲೊಲ್ಲದು. ಗಾಳಿಯಿರಬೇಕೆಂದು ದೀಪದ ಕಡೆ ನೋಡಿದರೆ ಕುಡಿ ನೆಟ್ಟಗೆ ಉರಿಯುತ್ತಿತ್ತು. ಅಲುಗುತ್ತಿದ್ದುದು ನನ್ನ ಅಂಗೈ. ಅಪ್ಪ ತನ್ನ ಪೂಜೆ ಬಿಟ್ಟು ನನ್ನ ಅಂಗೈ ನೋಡುತ್ತಿದ್ದ.

"ಯಾವಾಗಿಂದ?"

"ಇವತ್ತೇ ನೋಡಾಕತ್ತೇನ್ರಿ. ಪ್ರಯಾಣದ ದಣಿವು ಇರಬೇಕು."

ಅವ್ವ ಬಾಗಿಲಲ್ಲಿ ನಿಂತಿದ್ದಳು. "ಅಂಗೈ ಹುಣ್ಣಿಗೆ ಕನ್ನಡಿ ಬೇಕೇನು? ಹೇಳಿಬಿಡ್ರಿ ಆಕಿಗೆ," ಎಂದಳು.

ಅಪ್ಪ ಯಾದಗಿರಿಯ ಕಚೇರಿಯಲ್ಲಿ ಹೊಲಗಳ ನಕ್ಷೆ ಬರೆಯುತ್ತಿದ್ದವನು. ನನ್ನ ಈಗಿನ ವಯಸ್ಸಿನಲ್ಲೇ ಅದನ್ನು ಬಿಟ್ಟು ಟಪಾಲಿನ ಮೇಜಿಗೆ ಹೋದ. ಕಣ್ಣು ಮಂಜಾದವು ಎಂದೇ ನನಗೆ ಹೇಳಿದ್ದ.

"ಕಣ್ಣಲ್ಲ ಯವ್ವಾ, ಕೈ," ಎಂದ. "ನಮ್ಮಪ್ಪಗೂ ಹಿಂಗ ಆಗಿತ್ತು. ಮೊದಲ ಎಡಗೈ. ಬಲಗೈ ಭಾಳ ದಿನ ತಡೀಲಿಲ್ಲ."

"ಡಾಕ್ಟರಿಗೆ ತೋರಿಸಲಿಲ್ಲೇನ್ರಿ?"

"ಕಲಬುರಗಿತನಕ ಹೋಗಿದ್ದೆ. ಗುಳಿಗಿ ಕೊಟ್ರು. ಚಾದ ಕಪ್ಪು ಹಿಡಿಯಾಕ ಸಾಕಾತು, ಪೆನ್ನು ಹಿಡಿಯಾಕ ಆಗಲಿಲ್ಲ."

ಸಿಟ್ಟು ನೆತ್ತಿಗೇರಿತು. ಮೊದಲೇ ಹೇಳಿದ್ದರೆ ನಾನು ಈ ಕೆಲಸಕ್ಕೆ ಕೈ ಹಾಕುತ್ತಿದ್ದೆನೇ ಎಂದು ಹರಿಹಾಯ್ದೆ.

"ಬಾಯಿಬಿಟ್ಟು ಅಂದ್ರ ಬಂದುಬಿಡ್ತದ ಅಂತ ಅಂಜಿದ್ದೆ," ಎಂದ ಅಪ್ಪ.

ಮಧ್ಯಾಹ್ನ ತಂಡದ ಮುಖ್ಯಸ್ಥರಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹಳೆಯ ವಿನ್ಯಾಸಕ್ಕೇ ಹೋಗೋಣ ಅನ್ನುತ್ತಾರೆ, ನನ್ನದು ಮೂಲೆ ಸೇರುತ್ತದೆ ಎಂದು ಗಟ್ಟಿ ಮನಸ್ಸು ಮಾಡಿಕೊಂಡಿದ್ದೆ. ಅವರು ಕೇಳಿದ್ದೇ ಬೇರೆ.

"ಬಲಗೈ ಇನ್ನೂ ಚೆನ್ನಾಗಿದೆ ತಾನೆ? ಹಾಗಾದರೆ ಅದು ಇರುವಷ್ಟರಲ್ಲಿ ಮುಗಿಸಿಬಿಡೋಣ. ಇವತ್ತೇ ಹೊರಟು ಬನ್ನಿ."

ಸಂಜೆ ಯಾದಗಿರಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದೆ. ಅವ್ವ ಕಟ್ಟಿಕೊಟ್ಟ ಬುತ್ತಿ ಗಂಟು ಬಲಗೈಯಲ್ಲಿತ್ತು. ಗಾಡಿ ಬರುವವರೆಗೂ ಅಪ್ಪ ಎದುರಿಗೆ ನಿಂತು ಆ ಕೈಯನ್ನೇ ನೋಡಿದ. ನಾನು ಗಂಟನ್ನು ಎಡಗೈಗೆ ದಾಟಿಸಿ, ಬಲಗೈಯಿಂದ ಕಂಬಿ ಹಿಡಿದು ಗಾಡಿ ಹತ್ತಿದೆ.