ಈಜುಕೊಳಕ್ಕೊಂದು ಯಂತ್ರ ಆರಿಸಿದ್ದು

ನೀರಿಗೆ ಕರೆಂಟು ಹರಿಯಬಹುದಿತ್ತು. ಯಂತ್ರವು ಮಗಳ ಜಡೆಯನ್ನೋ ಕಾಲ್ಬೆರಳನ್ನೋ ಎಳೆದುಕೊಳ್ಳಬಹುದಿತ್ತು. ಕೆಟ್ಟು ನಿಂತರೆ ಬ್ಯಾಡಗಿಯಿಂದ ರಾಣೆಬೆನ್ನೂರಿನವರೆಗೆ ಹುಡುಕಿದರೂ ರಿಪೇರಿಯವನು ಸಿಗದೆ ಹೋಗಬಹುದಿತ್ತು. ಮನೆಯ ಈಜುಕೊಳವನ್ನು ತಾನೇ ತೊಳೆಯುವ ಯಂತ್ರ ಆರಿಸಲು ಕುಳಿತ ನನಗೆ ಬರೀ ಇವೇ ಕಾಣುತ್ತಿದ್ದವು.

“ಇಷ್ಟ್ಯಾಕ ಅಂಜತೀರಿ? ಆಕಿನ್ನ ಬಕೀಟಿನ್ಯಾಗ ಈಜಾಡಸ್ರಿ,” ಎಂದು ಹೆಂಡತಿ ಚುಚ್ಚಿದಳು.

ಕಡೆಗೆ ನೀರೊಳಗೆ ಕರೆಂಟಿನಿಂದ ಓಡುವುದನ್ನು ಬಿಟ್ಟು, ದಂಡೆಯ ಮೇಲಿನ ಪಂಪು ಪೈಪಿನಿಂದ ನೀರೆಳೆದಂತೆ ಸರಿದಾಡುವ ಯಂತ್ರವನ್ನು ತರಿಸಿದೆ. ಆದರೂ ಪೂಜೆ ಮಾಡದೆ ನೀರಿಗೆ ಬಿಡುವ ಧೈರ್ಯವಾಗಲಿಲ್ಲ. ಅಂಜಿಕೆ ಇದ್ದಷ್ಟೂ ಕುಂಕುಮವನ್ನು ಅದಕ್ಕೆ ಬಳಿದು, ಕಾಯಿ ಒಡೆದು ನೀರಿಗಿಳಿಸಿದೆ.

“ಅಪ್ಪಾ, ನಾ ಇಳೀಲೇನು?” ಎಂದಳು ಮಗಳು.

“ತಡೀವ್ವಾ,” ಎಂದು ಮೊದಲು ನಾನೇ ನೀರಿಗೆ ಒಂದು ಕಾಲು ಇಟ್ಟೆ. ಶಾಕ್ ಹೊಡೆಯಲಿಲ್ಲ, ಯಂತ್ರ ಕಾಲು ಹಿಡಿಯಲಿಲ್ಲ. ಅದು ಹೋದಲ್ಲೆಲ್ಲ ಕುಂಕುಮ ಕರಗಿ, ತಿಳಿಯಾಗಿದ್ದ ನೀರು ಕೆಂಪಾಯಿತು.