ಬ್ಯಾಟರಿಯಾಗ ರಿಜರ್ವ್ ಇರಾಂಗಿಲ್ಲ

ನನ್ನ ಎತ್ತಬ್ಯಾಡ್ರಿ. ತಿಳುವಳಿಕಿ ಬಂದಾಗಿಂದ ನಾನು ಹೆಚ್ಚಾಗಿ ಆಡಿದ ಮಾತು ಇದೇ ಇರಬೇಕು. ಕೂಸಿದ್ದಾಗ ಪೋಲಿಯೋ ಬಂದು ಎಡಗಾಲು ಸೊರಗಿ ಹೋತು. ಆಗಿಂದ ಬಸ್ಸು ಹತ್ತಬೇಕಂದ್ರ ಯಾರರ ಎತ್ತಬೇಕು, ಇಳೀಬೇಕಂದ್ರ ಯಾರರ ಇಳಸಬೇಕು. ಕಂಡಕ್ಟರ್ ಎತ್ತಿದ, ಪಕ್ಕದ ಮನಿ ಮಾಮ ಎತ್ತಿದ, ಗುರುತು ಪರಿಚಯ ಇಲ್ಲದವ್ರೂ ಬಂದು ಬಗಲಿಗೆ ಕೈ ಹಾಕಿ "ಪಾಪ" ಅಂತ ಎತ್ತಿದ್ರು. ಎತ್ಲೇನವ್ವಾ ಅಂತ ಕೇಳಿದವ್ರು ಬಾಳ ಕಡಿಮಿ. ಎಲ್ಲಾರೂ ಒಳ್ಳೇ ಮಂದಿನೇ. ಆದ್ರ ಪ್ರತಿ ಸಲ ನಾನೊಂದು ಸಾಮಾನು ಆದಂಗ ಅನಸತಿತ್ತು.

ಓದಿ ಮುಗಿಸಿ ಕುರುಗೋಡಿನ ಒಂದು ಖಾಸಗಿ ಹೈಸ್ಕೂಲಿನಾಗ ಗಣಿತದ ಟೀಚರ್ ಆದೆ. ಮನಿ ಬಳ್ಳಾರಿ ಗಾಂಧಿನಗರದಾಗ. ಮನಿ ಮುಂದೇ ಅಪ್ಪಂದು ಸ್ಕೂಟರ್ ಗ್ಯಾರೇಜು. ಮೊದ್ಲು ಅವ್ನೇ ಒಂದು ಹಳೇ ಸ್ಕೂಟರಿಗೆ ಎರಡು ಪಕ್ಕ ಗಾಲಿ ಕೂಡಿಸಿ ಕೊಟ್ಟಿದ್ದ. ಅವು ಕಬ್ಬಿಣದ ಅದಿರಿನ ದಿನ. ಯಾವ ರಸ್ತಿಗೆ ಹೋದ್ರೂ ಲಾರಿ, ಲಾರಿ ಹಿಂದ ಲಾರಿ, ಮರ ಗಿಡ ಎಲ್ಲಾ ಕುಂಕುಮದಾಗ ಹೊರಳಾಡಿದಂಗ ಕೆಂಪು. ಒಂದಿನ ಲಾರಿ ಹೋದ ಗಾಳಿಗೇ ಸ್ಕೂಟರ್ ಮಗುಚಿ ಬಿದ್ದೆ. ಅಪ್ಪ ಅವತ್ತೇ ಗಾಲಿ ಬಿಚ್ಚಿದ. ಮತ್ತ ಬಸ್ಸು, ಮತ್ತ ಬಗಲಿಗೆ ಕೈ.

ಕುಡತಿನಿ ಹತ್ರ ನಮ್ಮದೊಂದು ಹೊಲ ಇತ್ತು. ಅದನ್ನ ಅದಿರು ಸುರುವಿ ಇಡಾಕ ಬಾಡಿಗಿಗೆ ಕೇಳಿದ್ರು, ಅಪ್ಪ ಕೊಟ್ಟ. "ಜ್ವಾಳ ಬೆಳಿಯೋ ಹೊಲ, ಕಲ್ಲು ಹಾಕಸ್ತೀರಲ್ಲ" ಅಂತ ಅವ್ವ ಬೈದ್ಲು. ಆ ರೊಕ್ಕ ಕೈಗೆ ಬಂದದ್ದೇ ತಡ, ಅಪ್ಪ ಒಂದು ಕರೆಂಟಿನ ಕಾರು ತಂದು ಬಾಗಲ ಮುಂದ ನಿಲ್ಲಿಸಿದ. ಎರಡೇ ಬಾಗಲು, ಬೆಂಕಿಪಟ್ಟಣದಂಥ ಕಾರು. ಕ್ಲಚ್ ಇಲ್ಲ, ಗೇರ್ ಇಲ್ಲ. ಬಲಗಾಲು ಒಂದಿದ್ರ ಸಾಕು. ಓಣಿ ಮಂದಿ ನಕ್ಕರು. "ಏನ್ರಿ ಮೇಡಂ, ಇದಕ್ಕ ಚಾವಿ ಕೊಡಬೇಕೋ, ಸೆಲ್ಲು ಹಾಕಬೇಕೋ?" ಅಂದ್ರು. ನಗವಲ್ರ್ಯಾಕ, ಹಲ್ಲಿದ್ದವ್ರು ನಗತಾರ ಅಂದೆ.

ಸಾಲಿ ಸೂಟಿಯ ಮೊದಲ ಐತವಾರ ಅಪ್ಪ ಅವ್ವನ್ನ ಕೂಡಿಸಿಕೊಂಡು ಸಿರುಗುಪ್ಪಕ್ಕ ಅಕ್ಕನ ಮನಿಗೆ ಹೋದೆ. ಪೂರಾ ಚಾರ್ಜ್ ಮಾಡಿದ್ರ ಅಲ್ಲಿತನ ಮುಟ್ಟತಿತ್ತು. ರಾತ್ರಿ ಅಕ್ಕನ ಮನ್ಯಾಗ ವೈರು ಹಾಕಿ, ಮರುದಿನ ಹೊಳ್ಳಿ ಬರೋದು. ರಸ್ತಿ ಎರಡೂ ಕಡಿಗೆ ಭತ್ತದ ಗದ್ದಿ, ಹಸರಂದ್ರ ಹಸರು. ಅಕ್ಕನ ಬಾಗಲ ಮುಂದ ಕಾರು ನಿಲ್ಲಿಸಿ, ಕೋಲು ಊರಿ, ನಾನಾಗೇ ಇಳದೆ. ಅಕ್ಕ ಓಡಿ ಬಂದ್ಲು, ರೂಢಿಯಂಗ ಬಗಲಿಗೆ ಕೈ ಚಾಚಿದ್ಲು. ನಾನು ನಿಂತೇ ಇದ್ದೆ. ಅಕಿ ಕೈ ಹಂಗೇ ಗಾಳ್ಯಾಗ ನಿಂತಿತು. "ಲೇ, ನೀನಾ ಬಂದ್ಯೇನ" ಅಂತ ಅಳಾಕ ಹತ್ತಿದ್ಲು. ನಾನೂ ಅತ್ತೆ. ಅಂಥಾ ಸುಖ ಮತ್ತ ಬರಲಿಲ್ಲ, ಬರಾಂಗೂ ಇಲ್ಲ.

ಸಾಲ್ಯಾಗ ಹುಡುಗ್ರು ನನಗ "ಬೆಕ್ಕು ಮೇಡಂ" ಅಂತ ಹೆಸರಿಟ್ಟಿದ್ರು. ಕಾರಿಗೆ ಸಪ್ಪಳ ಇಲ್ಲಲ್ಲ, ನಾನು ಬಂದದ್ದೇ ಅವ್ರಿಗೆ ಗೊತ್ತಾಗತಿದ್ದಿಲ್ಲ. ಒಬ್ಬರದು ಒಬ್ಬರು ಲೆಕ್ಕ ನೋಡಿ ಬರೀತಿರೋವಾಗಲೇ ಕಿಟಕ್ಯಾಗ ನನ್ನ ಮುಖ ಕಾಣತಿತ್ತು. ಹೆದರಿ ಸಾಯತಿದ್ರು. ಆ ಹೆದರಿಕಿ ನನಗ ಎಷ್ಟು ಹಿತ ಅನಸತಿತ್ತು ಅಂತ ಹ್ಯಾಂಗ ಹೇಳ್ಲಿ! ಹುಟ್ಟಿದಾಗಿಂದ ಬರೇ ಕನಿಕರ ಉಂಡಾಕಿಗೆ ಅದು ಮೊದಲ ಮರ್ಯಾದಿ.

ಆಮ್ಯಾಲೆ ಕಂಪನಿ ಕಡಿಂದ ಫೋನ್ ಬಂತು. ಈ ಕಾರಿಗೆ ಹಾಕಿದ ಬ್ಯಾಟರಿ ಕೆಲವು ಉಬ್ಬಾಕ ಹತ್ಯಾವಂತ, ಎಲ್ಲೋ ಒಂದು ಸುಟ್ಟು ಹೋಗೈತಂತ, ಅದಕ್ಕ ಎಲ್ಲಾ ವಾಪಸ್ ತಗಂಡು ಹೊಸಾವು ಕೊಡ್ತಾರಂತ. ನಮ್ಮ ಪಾಳಿ ಬರೋತನಕ ಮುಕ್ಕಾಲಿನತನ ಅಷ್ಟೇ ಚಾರ್ಜ್ ಮಾಡಬೇಕಂತ. ಕಂಪನಿಯಿಂದ ಒಬ್ಬ ಮನಷ್ಯಾ ಪೆಟ್ಟಿಗಿ ತಗಂಡು ಬಂದು, ವೈರು ಸಿಗಿಸಿ ಏನೇನೋ ಒತ್ತಿ, ಮುಕ್ಕಾಲಿಗೆ ತಾನೇ ನಿಲ್ಲೋಹಂಗ ಮಾಡಿದ.

"ಉಳದ ಕಾಲು ಭಾಗ ಎಲ್ಲಿ ಹೋಕ್ಕೈತ್ರಿ?" ಅಪ್ಪ ಕೇಳಿದ.

ಅವ ವೈರು ಸುತ್ತಿಕೋತ, "ಒಳಗೇ ಇರತೈತ್ರಿ ಯಜಮಾನ್ರ, ನೀವು ಮುಟ್ಟಾಕ ಬರಂಗಿಲ್ಲ ಅಷ್ಟೇ" ಅಂದ. ಚಾ ಕುಡದು ಹ್ವಾದ.

ಅಪ್ಪನ ಮುಖ ಅರಳಿತು. ಅವನ ಜೀವನ ಪೂರಾ ಸ್ಕೂಟರ್ ಟ್ಯಾಂಕಿನ ಮ್ಯಾಲೆ ಹೋಗಿತ್ತು. ಸ್ಕೂಟರಿಗೆ ಪೆಟ್ರೋಲ್ ಮುಗದು ಎಂಜಿನ್ ಕೆಮ್ಮಿದ್ರ, ಕೆಳಗ ಒಂದು ತಿರುಪು ಇರತೈತಿ, ಅದನ್ನ ರಿಜರ್ವಿಗೆ ತಿರುವಿದ್ರ ಬಂಕಿನತನ ಹೋಗಬೌದು. ಬಳ್ಳಾರ್ಯಾಗ ಆ ತಿರುಪಿನ ಮ್ಯಾಲೆ ಮನಿ ಮುಟ್ಟದ ಗಂಡಸು ಯಾರದಾನ? "ನೋಡವ್ವ, ಕಾಲು ಭಾಗ ರಿಜರ್ವ್ ಇಟ್ಟಾರ. ಮೀಟರಿನ ಮುಳ್ಳು ಕೆಂಪಿಗೆ ಬಂದ್ರ ಹೆದರಬ್ಯಾಡ" ಅಂದ. ಲೆಕ್ಕದ ಟೀಚರ್ ನಾನು. ತುಂಬದೇ ಇದ್ದದ್ದು ಒಳಗ ಹ್ಯಾಂಗ ಇರತೈತಿ ಅಂತ ನನಗರ ಹೊಳೀಬೇಕಿತ್ತು. ಆದ್ರ ಗಾಡಿ ವಿಷಯದಾಗ ಅಪ್ಪ ಹೇಳಿದ್ದು ಅಲ್ಲಿತನ ಒಂದೂ ಸುಳ್ಳಾಗಿರಲಿಲ್ಲ.

ಮುಕ್ಕಾಲು ಆದ ಮ್ಯಾಲೆ ಮೊದ್ಲು ಕೈ ಬಿಟ್ಟದ್ದು ಸಿರುಗುಪ್ಪ. ಕುರುಗೋಡಿಗೂ ಹೋಗೋದು ಬರೋದು ಎರಡೂ ಆಗವಲ್ದು. ಹೆಡ್‌ಮಾಸ್ತರಿಗೆ ಕೇಳಿಕೊಂಡು, ಸ್ಟಾಫ್ ರೂಮಿನ ಕಿಟಕ್ಯಾಗಿಂದ ವೈರು ಎಳದು, ಪಾಠ ಮಾಡೋ ಹೊತ್ತಿನಾಗ ಚಾರ್ಜಿಗೆ ಹಾಕತಿದ್ದೆ. ಅದೂ ಕರೆಂಟ್ ಇದ್ರ. ಕುಡತಿನ್ಯಾಗ ಅಷ್ಟು ದೊಡ್ಡ ಕರೆಂಟಿನ ಕಾರ್ಖಾನಿ ಹೊಗಿ ಉಗಳತಿತ್ತು, ನಮಗ ಮಾತ್ರ ಕರೆಂಟಿಲ್ಲ. ದೀಪದ ಬುಡದಾಗ ಕತ್ತಲಿ ಅಂತಾರಲ್ಲ, ಅದೇ. ಕಂಪನಿಗೆ ಫೋನ್ ಮಾಡಿದ್ರ "ನಿಮ್ಮ ಪಾಳಿ ಬರತೈತ್ರಿ ಮೇಡಂ" ಅಂತಿದ್ರು. ಕಾರು ಮಾರಿದವನ್ನ ಕೇಳೋಣಂತ ಹೋದ್ರ, ಅವ ಶೋರೂಮ್ ಮುಚ್ಚಿ ಲಾರಿ ತಗಂಡಿದ್ದ. ಅಲ್ಲಿ ಟೈರಿನ ಅಂಗಡಿ ಇತ್ತು.

ಒಂದಿನ ಸಾಲ್ಯಾಗ ಮುಂಜಾನಿಂದ ಸಂಜಿತನ ಕರೆಂಟೇ ಬರಲಿಲ್ಲ. ಮುಳ್ಳು ಕೆಂಪಿನ ಅಂಚಿನ್ಯಾಗ ಇತ್ತು. ಜತಿಗಿನ ಟೀಚರ್ "ಇವತ್ತು ನಮ್ಮನಿಯಾಗ ಇರ್ರಿ, ನಾಳಿ ನೋಡೋಣ" ಅಂದ್ಲು. ಅಪ್ಪಗ ಫೋನ್ ಮಾಡಿದೆ. "ಯಾಕ ಮಂದಿ ಮನ್ಯಾಗ? ರಿಜರ್ವ್ ಐತೆಲ್ಲ, ಬಾ" ಅಂದ. ಹೊಂಟೆ.

ಕಾಲುವಿ ದಾಟಿ ಸ್ವಲ್ಪ ದೂರ ಬಂದಿದ್ದೆ. ರಸ್ತಿ ಕಿತ್ತು ಹಾಕಿದ್ರು, ಒಂದೇ ಗಾಡಿ ಹೋಗೋವಷ್ಟು ಜಾಗ. ಕಾರು ನಿಧಾನ ಆತು, ಆಮ್ಯಾಲೆ ಇರುವಿ ಹರದಂಗ ಹರದು ನಿಂತ್ಬಿಟ್ಟಿತು. ಫೋನ್ ಹಚ್ಚಿದೆ.

"ಅಪ್ಪಾ, ನಿಂತೈತಿ."

"ರಿಜರ್ವಿಗೆ ಬಿದ್ದೈತಿ. ಆಫ್ ಮಾಡಿ ಆನ್ ಮಾಡವ್ವ."

ಮಾಡಿದೆ. ಮತ್ತ ಮಾಡಿದೆ. "ಇಲ್ಲಪ್ಪ."

"ಐತವ್ವ, ಒಳಗ ಐತಿ. ಇನ್ನೊಂದ್ಸಲ ಮಾಡು."

ಹಿಂದ ಲಾರಿ ಬಂದು ನಿಂತು ಹಾರ್ನ್ ಬಾರಿಸಿತು. ಅದರ ಹಿಂದ ಇನ್ನೊಂದು. ಅದರ ಹಿಂದ ಬಸ್ಸು. ಬಸ್ಸಿನ ಕಿಟಕ್ಯಾಗ ನೋಡಿದ್ರ ಎಲ್ಲಾ ನಮ್ಮ ಸಾಲಿ ಹುಡುಗ್ರು, ಸಂಜಿ ಬಿಟ್ಟು ತಂತಮ್ಮ ಊರಿಗೆ ಹೊಂಟವ್ರು. ಲಾರಿ ಡ್ರೈವರ್ ಆಂಧ್ರದವ, ಇಳದು ಬಂದ. ನಾಕು ಮಂದಿ ಕೂಡಿ ಕಾರು ರಸ್ತಿ ಬಿಟ್ಟು ತೆಗ್ಗಿಗೆ ನೂಕಿದ್ರು. "ಬಸ್ಸಿನಾಗ ಹೋಗ್ರಿ ಮೇಡಂ" ಅಂದ್ರು. ಬಸ್ಸಿನ ಮೆಟ್ಲು ನನ್ನ ಮೊಣಕಾಲಿಗಿಂತ ಮ್ಯಾಲಿತ್ತು. "ಎತ್ತಬ್ಯಾಡ್ರಿ, ನಾನೇ ಹತ್ತೀನಿ, ಒಂದೀಟು ತಡೀರಿ" ಅಂದೆ. ಹಿಂದ ಹಾರ್ನ್ ಮ್ಯಾಲೆ ಹಾರ್ನ್. "ಪರವಾಲೇದಮ್ಮಾ" ಅಂತ ತೆಲುಗಿನ್ಯಾಗ ಅಂದು ಆ ಡ್ರೈವರ್ ಪುಣ್ಯಾತ್ಮ ಬಗಲಿಗೆ ಕೈ ಹಾಕಿ, ಅಕ್ಕಿ ಚೀಲ ಎತ್ತಿದಂಗ ಎತ್ತಿ ಒಳಗ ಇಟ್ಟ.

ಒಬ್ಬ ಹುಡುಗ, ಮುಂಜಾನಿ ನಾನು ಬೆಂಚಿನ ಮ್ಯಾಲೆ ನಿಲ್ಲಿಸಿದಾವ, ಎದ್ದು ಸೀಟು ಬಿಟ್ಟ. "ಕುಂದರ್ರಿ ಮೇಡಂ" ಅಂದ.

ಮರುದಿನದಿಂದ ನನಗ ಯಾರೂ ಹೆದರಲಿಲ್ಲ. ಗದ್ಲ ಮಾಡಿದ್ರಂತಲ್ಲ, ಥೂ, ಗದ್ಲ ಮಾಡಿದ್ರ ಚಲೋ ಇತ್ತು. ಮೆತ್ತಗಾದ್ರು. ನಾನು ಬೈದ್ರ ತಲಿ ತಗ್ಗಿಸಿ "ತಪ್ಪಾತ್ರಿ ಮೇಡಂ" ಅಂತಿದ್ರು, ಕಣ್ಣಾಗ ಅದೇ ಕನಿಕರ. ಕರಿ ಹಲಗಿ ಹತ್ರ ಹೋದ್ರ ಯಾರರ ಒಬ್ರು ಕೈ ಕೊಡಾಕ ಎದ್ದು ನಿಲ್ಲತಿದ್ರು.

ಕಾರು ಎಳಸಿಕೊಂಡು ಮನಿಗೆ ತಂದ್ವಿ. ಪೂರಾ ಬರಿದಾದ ಬ್ಯಾಟರಿ ಮತ್ತ ಚೇತರಿಸಿಕೊಳ್ಳಲಿಲ್ಲ. ಮುಕ್ಕಾಲು ಹೋಗಿ ಅರ್ಧ ಆತು. ಸ್ವಲ್ಪ ದಿನ ಓಣಿ ಕಡೀತನ ಹೋಗತಿತ್ತು, ಆಮ್ಯಾಲೆ ಗೇಟೂ ದಾಟಲಿಲ್ಲ. ಕಂಪನಿಯವ್ರು ಫೋನ್ ಎತ್ತೋದು ಬಿಟ್ಟರು. ಅಷ್ಟೊತ್ತಿಗೆ ಕೋರ್ಟು ಗಣಿ ಮುಚ್ಚಿಸಿ ಅದಿರೂ ನಿಂತಿತ್ತು, ಬಾಡಿಗಿ ನಿಂತಿತ್ತು. ಹೊಲಕ್ಕ ಹೋಗಿ ನೋಡಿದ್ರ ನೆಲ ಕೆಂಪಗ ಕಲ್ಲಾಗಿ ಕುಂತಿತ್ತು, ಜ್ವಾಳ ಬಿತ್ತಾಕ ಬರಂಗಿಲ್ಲ. ಕ್ಲಚ್ ಇಲ್ಲದ ಪೆಟ್ರೋಲ್ ಕಾರು ತರತೀನಿ ಅಂತ ಅಪ್ಪ ಹೇಳತಿದ್ದ, ನಾನು ಹ್ಞೂಂ ಅಂತಿದ್ದೆ. ದಿನಾ ಮುಂಜಾನಿ ಅವನೇ ಬಸ್‌ಸ್ಟ್ಯಾಂಡಿಗೆ ಬಂದು ಎತ್ತಿ ಹತ್ತಿಸತಿದ್ದ. ಒಂದಿನ ಎತ್ತೋವಾಗ ಅವನ ಬೆನ್ನು ಹಿಡಕಂತು. ನಾನು ಸಾಲಿ ಬಿಟ್ಟೆ. ಹಿತ್ತಲದಾಗ ನಾಕು ಹುಡುಗ್ರಿಗೆ ಟ್ಯೂಷನ್ ಹೇಳಿಕೋತ ಕುಂತೆ.

ಅಪ್ಪ ಆ ಕಾರು ಮಾರಾಕ ಒಪ್ಪಲೇ ಇಲ್ಲ. ಆಯುಧ ಪೂಜಿಗೆ ತೊಳದು ಹೂವಿನ ಮಾಲಿ ಹಾಕತಿದ್ದ. "ಒಳಗ ಐತವ್ವ, ತಗಿಯೋದು ನಮಗ ಗೊತ್ತಿಲ್ಲ ಅಷ್ಟೇ" ಅಂತಿದ್ದ. ನಾನು ಬ್ಯಾರೇ ಹೇಳಲಿಲ್ಲ. ಹಂಗೇ ನಂಬಿಕೋತ ಹ್ವಾದ.

ಅಪ್ಪ ತೀರಿಕೊಂಡ ಮ್ಯಾಲೆ ಗುಜರಿಯವ್ರನ್ನ ಕರಸಿದೆ. ಅವ್ರು ಸೀಟು ತಗದು ಬ್ಯಾಟರಿ ನೋಡಿದ್ರು. "ಪೂರಾ ಸತ್ತಾವ್ರಿ ಅಕ್ಕಾರ" ಅಂದ್ರು. ನನಗ ಗೊತ್ತಿಲ್ಲದ ಮಾತಲ್ಲ. ಆದ್ರೂ ಬಾಗಲ ಚೌಕಟ್ಟು ಹಿಡಕೊಂಡು ನಿಂತು ಕೇಳಿದೆ, "ಒಂಚೂರೂ ಇಲ್ಲೇನ್ರಿ ಒಳಗ?"

"ಒಂಚೂರೂ ಇಲ್ರಿ."

ಬ್ಯಾಟರಿ ಎಲ್ಲಾ ತಗದು ಹೊರಗ ಇಟ್ಟರು. ಗಾಲಿ ಜಂಗು ಹಿಡದು ತಿರಗವಲ್ವು, ಅದಕ್ಕ ಐದಾರು ಮಂದಿ ಸುತ್ತ ನಿಂತು ಕೆಳಗ ಕೈ ಹಾಕಿದ್ರು. ಹಗೂರ ಐತಿ ಅಂತ ನಕ್ಕೋತ ಮ್ಯಾಲಕ್ಕ ಎತ್ತಿದ್ರು.

"ಎತ್ತಬ್ಯಾಡ್ರಿ" ಅಂದೆ ನಾನು. ಗದ್ದಲದಾಗ ಯಾರಿಗೂ ಕೇಳಲಿಲ್ಲ.